ಕರೆಂಟ್ ಕೊಡುವ ಮುಂಚೆ ಹಲ್ಲು ತೋರಿಸಿ

ಬಾಯಿಯ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ, ಅಂದರೆ ರೇಡಿಯೋಥೆರಪಿ ಕೊಡುವಾಗ ದವಡೆಯ ಮೂಳೆಯನ್ನು ಹೇಗೆ ಕಾಪಾಡಿಕೊಳ್ಳಬೇಕು ಅನ್ನುವುದು ಇವತ್ತಿನ ವಿಷಯ. “ಇದು ನಮಗ್ಯಾಕೆ ಆಂಟಿ, ನಮಗಿನ್ನೂ ಇಪ್ಪತ್ತು ವರ್ಷ” ಅಂತ ನಿಮ್ಮಲ್ಲಿ ಕೆಲವರು ಇಯರ್‌ಫೋನ್ ತೆಗೆಯುವ ಮುಂಚೆಯೇ ಹೇಳಿಬಿಡುತ್ತೇನೆ, ಇದು ನಿಮಗೇ. ನಮ್ಮ ಮನೆಗಳಲ್ಲಿ ಅಪ್ಪ ಅಮ್ಮ ಡ್ಯೂಟಿಯಲ್ಲಿದ್ದಾಗ ತಾತನ ಜೊತೆ ಆಸ್ಪತ್ರೆಗೆ ಹೋಗಿ, ಡಾಕ್ಟರ ಪಕ್ಕದ ಕುರ್ಚಿಯಲ್ಲಿ ಕೂತು, ಅವರ ಇಂಗ್ಲಿಷನ್ನು ಕನ್ನಡ ಮಾಡಿ ಹೇಳುವವರು ಎಷ್ಟೋ ಸಲ ನೀವೇ. ನೀವು ಯಾವ ಪದ ಹಾಕುತ್ತೀರೋ ತಾತನಿಗೆ ತಿಳಿಯುವುದು ಅಷ್ಟೇ.

ನಾನು ಡಾಕ್ಟರಲ್ಲ. ಓದಿದ್ದು ಕನ್ನಡ ಎಂ.ಎ. ಮನೆ ನೋಡಿಕೊಳ್ಳುತ್ತೇನೆ, ಬಿಡುವಾದಾಗ ನಮ್ಮ ಕಡೆಯ ಹಿರಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿಬರುವ ಸ್ವಯಂಸೇವೆ ಮಾಡುತ್ತೇನೆ. ಕಾಯುವ ಕೋಣೆಗಳಲ್ಲಿ ಕೂತು, ನರ್ಸುಗಳನ್ನೂ ಹಲ್ಲಿನ ಡಾಕ್ಟರುಗಳನ್ನೂ ಕೇಳಿ ತಿಳಿದುಕೊಂಡದ್ದು, ಆಮೇಲೆ ಓದಿ ಖಚಿತ ಮಾಡಿಕೊಂಡದ್ದು, ಇಷ್ಟನ್ನು ಹೇಳುತ್ತೇನೆ. ನಿಮ್ಮ ಮನೆಯವರಿಗೆ ಯಾವ ಚಿಕಿತ್ಸೆ ಅನ್ನುವ ತೀರ್ಮಾನ ಅವರ ಡಾಕ್ಟರದ್ದೇ.

ಮೊದಲು ಪದದಿಂದಲೇ ಶುರು ಮಾಡೋಣ. ಒಂದು ದಿನ ನಿಮ್ಮ ವಯಸ್ಸಿನ ಹುಡುಗಿಯೊಬ್ಬಳು ಆಸ್ಪತ್ರೆಯಿಂದ ಮೆಸೇಜ್ ಕಳಿಸಿದಳು: “ಆಂಟಿ, ಜಾಬೋನ್‌ಗೆ ಕನ್ನಡದಲ್ಲಿ ಏನಂತಾರೆ? ಬೇಗ ಹೇಳಿ.” ದವಡೆ ಅಂತ ಉತ್ತರ ಕೊಟ್ಟೆ. ಅವಳು ಅದನ್ನೇ ಹೇಳಿದಳು. ತಾತ ಗಾಬರಿಯಾದರು. ನಮ್ಮ ಕಡೆ ಹಲವರು ದವಡೆ ಅಂದರೆ ಹಿಂದಿನ ಅಗಲವಾದ ಹಲ್ಲು ಅಂತಲೂ ತಿಳಿಯುತ್ತಾರೆ, ದವಡೆ ಹಲ್ಲು ಅನ್ನುತ್ತೇವಲ್ಲ ಅದು. ಇನ್ನು ಕೆಲವರಿಗೆ ದವಡೆ ಅಂದರೆ ಕೆನ್ನೆ. “ದವಡೆಗೆ ಬಾರಿಸ್ತೀನಿ” ಅಂತ ಬೈಯುವಾಗ ನಿಮ್ಮ ಅಮ್ಮಂದಿರು ಮೂಳೆಯ ಬಗ್ಗೆ ಯೋಚಿಸಿರುವುದಿಲ್ಲ. ಆದ್ದರಿಂದ “ದವಡೆಯ ಮೂಳೆ” ಅಂತ ಪೂರ್ತಿ ಹೇಳಿ. ಹೇಳುವಾಗ ನಿಮ್ಮ ಕಿವಿಯ ಕೆಳಗಿನಿಂದ ಗದ್ದದ ತನಕ ಬೆರಳು ಎಳೆದು ತೋರಿಸಿ. ಆ ಬೆರಳು ಎಂ.ಎ. ಪದವಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಎರಡನೆಯದು ರೇಡಿಯೋಥೆರಪಿ. ಊರಿನ ಕಡೆ ಬಹಳ ಮಂದಿ ಇದನ್ನು “ಕರೆಂಟ್ ಕೊಡೋದು” ಅನ್ನುತ್ತಾರೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿಬಂದವರೂ “ಮೂವತ್ತು ಕರೆಂಟ್ ಆಯ್ತು” ಅಂತಲೇ ಲೆಕ್ಕ ಹೇಳುವುದುಂಟು. ಆ ಪದ ಬಳಸಿ, ತಪ್ಪಿಲ್ಲ. ಆದರೆ ಇದು ವಿದ್ಯುತ್ತಲ್ಲ, ಶಾಕ್ ಹೊಡೆಯುವುದಿಲ್ಲ, ಕೊಡುವಾಗ ನೋವೂ ಆಗುವುದಿಲ್ಲ, ಎಕ್ಸ್‌ರೇ ಜಾತಿಯದೇ ಇನ್ನೂ ಬಲವಾದ ಕಿರಣ ಅಂತ ಒಂದು ಮಾತು ಸೇರಿಸಿ. ವಾರದಲ್ಲಿ ಐದು ದಿನದಂತೆ ಆರೇಳು ವಾರ, ಒಟ್ಟು 30ರಿಂದ 35 ಸಲ ಕೊಡುವುದು ಸಾಮಾನ್ಯ. ಕಿರಣದ ಪ್ರಮಾಣವನ್ನು ಗ್ರೇ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಬಾಯಿಯ ಕ್ಯಾನ್ಸರ್‌ಗೆ ಒಟ್ಟು 60ರಿಂದ 70 ಗ್ರೇ ತನಕ ಹೋಗುತ್ತದೆ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಮೂಳೆಗೆ ಏನಾಗುತ್ತದೆ ನೋಡೋಣ. ಮೇಲಿನ ದವಡೆಗೆ ಹಲವು ಕಡೆಯಿಂದ ರಕ್ತ ಬರುತ್ತದೆ. ಕೆಳಗಿನ ದವಡೆಯ ಸ್ಥಿತಿ ಹಾಗಲ್ಲ. ಮೂಳೆಯ ಒಳಗೆ ಸಾಗುವ ಒಂದು ಮುಖ್ಯ ರಕ್ತನಾಳ, ಜೊತೆಗೆ ಮೂಳೆಯ ಮೇಲಿನ ತೆಳು ಪೊರೆಯಿಂದ ಬರುವ ಸ್ವಲ್ಪ ರಕ್ತ, ಅದರ ಜೀವನ ಹೆಚ್ಚುಕಡಿಮೆ ಇವುಗಳ ಮೇಲೆಯೇ ನಡೆಯುವುದು. ಮಂಡ್ಯದ ಕಡೆ ನೆಂಟರಿರುವವರು ನಾಲೆಯ ಕೊನೆಯ ಗದ್ದೆ ಅನ್ನುವ ಮಾತು ಕೇಳಿರುತ್ತೀರಿ. ಮೇಲೆ ನೀರು ಸ್ವಲ್ಪ ಕಮ್ಮಿಯಾದರೂ ಮೊದಲು ಒಣಗುವುದು ಆ ಗದ್ದೆ. ವಿಕಿರಣ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವಾಗ ದಾರಿಯಲ್ಲಿ ಸಿಕ್ಕ ಸಣ್ಣ ರಕ್ತನಾಳಗಳಿಗೂ ಮೂಳೆ ಕಟ್ಟುವ ಕೋಶಗಳಿಗೂ ಪೆಟ್ಟು ಕೊಡುತ್ತದೆ. ಚಿಕಿತ್ಸೆ ಮುಗಿದ ಮೇಲೂ ಅಲ್ಲಿ ನಾಳಗಳು ಕ್ರಮೇಣ ಸಣ್ಣಗಾಗುತ್ತಾ, ಮುಚ್ಚಿಹೋಗುತ್ತಾ ಬರುತ್ತವೆ. ಹೊರಗಿನಿಂದ ಏನೂ ಕಾಣುವುದಿಲ್ಲ. ತಾತ ಊಟ ಮಾಡುತ್ತಾರೆ, ಮಾತಾಡುತ್ತಾರೆ. ಆದರೆ ಆ ಮೂಳೆಗೆ ಹೊಸ ಗಾಯ ಮಾಯಿಸಿಕೊಳ್ಳುವ ಶಕ್ತಿ ಉಳಿದಿರುವುದಿಲ್ಲ.

ಆಗ ಒಂದು ಹಲ್ಲು ಕಿತ್ತರೆಂದು ಇಟ್ಟುಕೊಳ್ಳಿ. ನಿಮಗೂ ನನಗೂ ಕೆಲವು ವಾರದಲ್ಲಿ ಮುಚ್ಚಿಹೋಗುವ ಗುಳಿ ಅವರಿಗೆ ಮುಚ್ಚುವುದಿಲ್ಲ. ವಸಡು ಬಿಟ್ಟುಕೊಂಡು ಹಳದಿ ಬಿಳುಪಿನ ಮೂಳೆ ಕಾಣಿಸುತ್ತದೆ. ಕ್ಯಾನ್ಸರ್ ಮರಳಿ ಬಂದಿಲ್ಲದೆಯೂ ಮೂರು ತಿಂಗಳಾದರೂ ಹಾಗೇ ಇದ್ದರೆ ಡಾಕ್ಟರು ಅದನ್ನು ಆಸ್ಟಿಯೋರೇಡಿಯೋನೆಕ್ರೋಸಿಸ್ ಅನ್ನುತ್ತಾರೆ. ಉದ್ದ ಹೆಸರು, ಬಿಡಿಸಿದರೆ ಸುಲಭ: ಆಸ್ಟಿಯೋ ಅಂದರೆ ಮೂಳೆ, ನೆಕ್ರೋಸಿಸ್ ಅಂದರೆ ಸಾಯುವುದು, ನಡುವೆ ಇರುವುದು ವಿಕಿರಣ. ನೋವು, ಕೀವು, ಬಾಯಿವಾಸನೆ, ಕೆಳತುಟಿ ಜೋಮು ಹಿಡಿದ ಹಾಗೆ ಆಗುವುದು, ತೀರಾ ಮುಂದುವರಿದರೆ ಏನೂ ಪೆಟ್ಟು ಬೀಳದೆಯೇ ದವಡೆ ಮುರಿಯುವುದು, ಇವೆಲ್ಲ ಅದರ ಲಕ್ಷಣ. ಹಲ್ಲು ಕೀಳದೆಯೂ ಒಮ್ಮೊಮ್ಮೆ ಬರುತ್ತದೆ, ಸರಿಯಾಗಿ ಕೂರದ ಹಲ್ಲುಸೆಟ್ಟು ಉಜ್ಜಿ ಆದ ಗಾಯದಿಂದಲೂ ಬರಬಹುದು. 60 ಗ್ರೇಗಿಂತ ಹೆಚ್ಚು ಬಿದ್ದ ಮೂಳೆಗೆ ಅಪಾಯ ಹೆಚ್ಚು. ಮೊದಲ ಮೂರು ವರ್ಷದಲ್ಲಿ ಹೆಚ್ಚಾಗಿ ಕಾಣಿಸಿದರೂ ಹತ್ತು, ಹದಿನೈದು ವರ್ಷದ ನಂತರ ಬಂದದ್ದೂ ಇದೆ.

ಹೆದರಬೇಡಿ, ಎಲ್ಲರಿಗೂ ಆಗುವುದಿಲ್ಲ. ಆಗುವುದು ಕೆಲವರಿಗೆ ಮಾತ್ರ. ಆ ಕೆಲವರಲ್ಲೂ ಸಾಕಷ್ಟು ಮಂದಿಗೆ ತಡೆಯಬಹುದು ಅನ್ನುವುದೇ ಈ ಮಾತು ಆಡುವುದಕ್ಕೆ ಕಾರಣ.

ಇದೇನು ಹೊಸ ತೊಂದರೆಯಲ್ಲ. ಡಬ್ಲಿನ್‌ನಲ್ಲಿರುವವರು ಹ್ಯೂಸ್ಟನ್ ಸ್ಟೇಷನ್ ಹತ್ತಿರದ ಡಾಕ್ಟರ್ ಸ್ಟೀವನ್ಸ್ ಆಸ್ಪತ್ರೆಯ ಹಳೇ ಕಟ್ಟಡ ನೋಡಿರುತ್ತೀರಿ, ಈಗ ಅಲ್ಲಿ ಎಚ್‌ಎಸ್‌ಇ ಕಚೇರಿ ಇದೆ. ಆ ಆಸ್ಪತ್ರೆಯ ವಾಲ್ಟರ್ ಸ್ಟೀವನ್ಸನ್ ಮತ್ತು ಟ್ರಿನಿಟಿಯಲ್ಲಿ ಭೂವಿಜ್ಞಾನ ಹೇಳಿಕೊಡುತ್ತಿದ್ದ ಜಾನ್ ಜೋಲಿ ಸೇರಿ 1914ರಲ್ಲಿ ಒಂದು ಉಪಾಯ ಕಂಡುಹಿಡಿದರು. ರೇಡಿಯಂನಿಂದ ಹೊಮ್ಮುವ ಅನಿಲವನ್ನು ಸಣ್ಣ ಗಾಜಿನ ನಳಿಕೆಯಲ್ಲಿ ತುಂಬಿ, ಅದನ್ನು ಟೊಳ್ಳು ಸೂಜಿಯೊಳಗಿಟ್ಟು, ಸೂಜಿಯನ್ನು ನೇರ ಗಡ್ಡೆಗೇ ಚುಚ್ಚುವುದು. ಜಗತ್ತು ಅದನ್ನು ಡಬ್ಲಿನ್ ವಿಧಾನ ಅಂತ ಕರೆಯಿತು. ನೀವು ದಿನಾ ಲುವಾಸ್‌ನಲ್ಲಿ ಹಾದುಹೋಗುವ ಜಾಗಕ್ಕೆ ಕ್ಯಾನ್ಸರ್ ಚಿಕಿತ್ಸೆಯ ಚರಿತ್ರೆಯಲ್ಲಿ ಇಷ್ಟು ದೊಡ್ಡ ಸ್ಥಾನ ಇದೆ ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಅದಾದ ಕೆಲವೇ ವರ್ಷಕ್ಕೆ, 1922ರಲ್ಲಿ, ಪ್ಯಾರಿಸ್ಸಿನ ಕ್ಲೋಡ್ ರೆಗೋ ವಿಕಿರಣದ ನಂತರ ದವಡೆಯ ಮೂಳೆ ಸಾಯುವುದನ್ನು ವರ್ಣಿಸಿ ಬರೆದರು. ಅಂದರೆ ಡಾಕ್ಟರುಗಳಿಗೆ ಇದು ನೂರು ವರ್ಷದಿಂದ ಗೊತ್ತು. ಗೊತ್ತಿಲ್ಲದಿರುವುದು ನಮ್ಮ ಮನೆಗಳಲ್ಲಿ.

ಇನ್ನು ಕೆಲಸದ ಮಾತು. ಕ್ಯಾನ್ಸರ್ ಅಂತ ಗೊತ್ತಾದ ಕ್ಷಣ ಮನೆಯವರೆಲ್ಲರ ಗಮನ ಮಷಿನ್ ಕಡೆಗೇ ಹೋಗುತ್ತದೆ. ಯಾವ ಊರಿನಲ್ಲಿ, ಯಾವತ್ತಿನಿಂದ, ದಿನಾ ಯಾರು ಕರೆದುಕೊಂಡು ಹೋಗುವುದು. ಡಬ್ಲಿನ್‌ನ ಸೇಂಟ್ ಲೂಕ್ಸ್, ಸೇಂಟ್ ಜೇಮ್ಸಸ್, ಬೋಮಾಂಟ್, ಇಲ್ಲವೇ ಕಾರ್ಕ್, ಗಾಲ್ವೆ. ಡೊನೆಗಾಲ್‌ನವರಾದರೆ ಗಡಿ ದಾಟಿ ಡೆರಿಯ ಆಲ್ಟ್‌ನಗೆಲ್ವಿನ್. ಈ ಓಡಾಟದ ಲೆಕ್ಕದಲ್ಲಿ ಹಲ್ಲು ಯಾರ ತಲೆಗೂ ಬರುವುದಿಲ್ಲ. ಆದರೆ ತಲೆ ಮತ್ತು ಕತ್ತಿನ ಭಾಗಕ್ಕೆ ವಿಕಿರಣ ಕೊಡುವ ಮುಂಚೆ ಹಲ್ಲಿನ ತಪಾಸಣೆ ಆಗಲೇಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ತಂಡದವರೇ ಕಳಿಸುತ್ತಾರೆ. ಕಳಿಸದಿದ್ದರೆ ನೀವು ಕೇಳಬೇಕಾದ ಪ್ರಶ್ನೆ ಒಂದೇ: “ರೇಡಿಯೇಷನ್ ಶುರುವಾಗುವ ಮುಂಚೆ ಹಲ್ಲಿನ ತಪಾಸಣೆ ಯಾವತ್ತು?” ಇದೆಯೋ ಇಲ್ಲವೋ ಅಂತ ಕೇಳಬೇಡಿ, ಯಾವತ್ತು ಅಂತಲೇ ಕೇಳಿ.

ಅಲ್ಲಿ ಇಡೀ ಬಾಯಿಯ ಎಕ್ಸ್‌ರೇ ತೆಗೆದು, ಯಾವ ಹಲ್ಲು ಉಳಿಸಬಹುದು, ಯಾವುದನ್ನು ಉಳಿಸಿದರೆ ಮುಂದೆ ತೊಂದರೆ ಅಂತ ನೋಡುತ್ತಾರೆ. ತುಂಬಾ ಹುಳುಕಾದ, ಬೇರಿನ ತನಕ ವಸಡು ಬಿಟ್ಟ, ಅದರಲ್ಲೂ ಕಿರಣ ಜೋರಾಗಿ ಬೀಳುವ ಜಾಗದಲ್ಲಿರುವ ಹಲ್ಲುಗಳನ್ನು ಆಗಲೇ ತೆಗೆಯುತ್ತಾರೆ. ತೆಗೆದ ಗಾಯಕ್ಕೆ ಮಾಯಲು ಸುಮಾರು ಎರಡು ವಾರ ಸಿಗಬೇಕು. ಅದೇ ಎರಡು ವಾರದಲ್ಲಿ ಮುಖದ ಅಚ್ಚು ತೆಗೆದು ಮಾಸ್ಕ್ ಮಾಡುವುದು, ಸ್ಕ್ಯಾನ್ ಮಾಡಿ ಕಿರಣದ ನಕ್ಷೆ ಹಾಕುವುದು ನಡೆದಿರುತ್ತದೆ. ಆ ನಕ್ಷೆ ಹಾಕುವಾಗ ದವಡೆಯ ಮೂಳೆಯನ್ನೂ ಗುರುತು ಮಾಡಿ, ಅದರ ಮೇಲೆ ಎಷ್ಟು ಕಮ್ಮಿ ಬೀಳಿಸಬಹುದೋ ಅಷ್ಟು ಕಮ್ಮಿ ಬೀಳುವ ಹಾಗೆ ಇವತ್ತಿನ ಮಷಿನ್‌ಗಳಲ್ಲಿ ಹೊಂದಿಸಬಹುದು. ಇದನ್ನು ನಾವು ಕೇಳಿ ಮಾಡಿಸಬೇಕಾಗಿಲ್ಲ, ಅವರ ಕೆಲಸ ಅದು. ನಮ್ಮ ಪಾಲಿಗೆ ಬರುವುದು ಹಲ್ಲು.

ಮನೆಯಲ್ಲಿ ಜಗಳ ಹತ್ತುವುದೂ ಅಲ್ಲೇ. “ನೋವೇ ಇಲ್ಲದ ಹಲ್ಲು ಯಾಕೆ ಕೀಳಬೇಕು?” ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಗಾದೆ ಕೇಳಿ ಬೆಳೆದವರು ಅವರು. ಕ್ಯಾನ್ಸರ್ ಇರುವುದು ನಾಲಿಗೆಯಲ್ಲಿ, ಇವರು ಕೀಳುವುದು ಹಲ್ಲನ್ನು, ದುಡ್ಡಿಗೋಸ್ಕರ ಮಾಡ್ತಾರೆ ಅಂತ ಒಬ್ಬರು ನನ್ನ ಎದುರೇ ಅಂದರು. ಅವರ ಅನುಮಾನ ಪೂರ್ತಿ ಅನ್ಯಾಯದ್ದೂ ಅಲ್ಲ, ಹಿಂದಿನ ಕಾಲದಲ್ಲಿ ಚೆನ್ನಾಗಿರುವ ಹಲ್ಲುಗಳನ್ನೂ ಒಟ್ಟಿಗೆ ಕಿತ್ತುಬಿಡುವ ಪದ್ಧತಿ ಇತ್ತು. ಈಗ ಹಾಗಿಲ್ಲ, ಗಟ್ಟಿಯಾದದ್ದನ್ನು ಉಳಿಸುತ್ತಾರೆ. ಇಂಥ ಹೊತ್ತಿನಲ್ಲಿ ಡಾಕ್ಟರ ವಾಕ್ಯವನ್ನು ಪದಕ್ಕೆ ಪದ ತಿರುಗಿಸಿದರೆ ಆಗುವುದಿಲ್ಲ. ಹೀಗೆ ಹೇಳಿ ನೋಡಿ: “ತಾತ, ಈ ಹಲ್ಲು ಹೇಗಿದ್ದರೂ ಇನ್ನು ಕೆಲವು ವರ್ಷದಲ್ಲಿ ಕೀಳಿಸಬೇಕಾಗುತ್ತಂತೆ. ಈಗ ಕಿತ್ತರೆ ಎರಡು ವಾರದಲ್ಲಿ ಮಾಯುತ್ತೆ. ಕರೆಂಟ್ ಕೊಟ್ಟಾದ ಮೇಲೆ ಕಿತ್ತರೆ ಮಾಯದೇ ಹೋಗಬಹುದು.” ಎರಡು ಕಾಲ, ಎರಡು ಫಲ. ಹೊಲ ಮಾಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಒಪ್ಪದಿದ್ದರೆ ಬಲವಂತ ಬೇಡ, ಹಲ್ಲು ಅವರದು. ಆದರೆ ಕಾರಣ ತಿಳಿದು ಬೇಡ ಅನ್ನುವುದು ಬೇರೆ, ತಿಳಿಯದೇ ಬೇಡ ಅನ್ನುವುದು ಬೇರೆ. ಮತ್ತೊಂದು ವಿಷಯ, ಹಲ್ಲಿನ ಕೆಲಸಕ್ಕೆಂದು ಕ್ಯಾನ್ಸರ್ ಚಿಕಿತ್ಸೆಯನ್ನೇ ತಿಂಗಳುಗಟ್ಟಲೆ ಮುಂದೆ ಹಾಕುವಂತಿಲ್ಲ. ಅದಕ್ಕೇ ಮೊದಲ ವಾರದಲ್ಲೇ ಕೇಳಿ ಅಂದದ್ದು.

ತಪಾಸಣೆಯಲ್ಲಿ “ಸ್ಮೋಕ್ ಮಾಡ್ತಾರಾ?” ಅಂತ ಕೇಳುತ್ತಾರೆ. ಅಜ್ಜಿ ಇಲ್ಲ ಅನ್ನುತ್ತಾರೆ, ಅದು ನಿಜವೂ ಹೌದು. ಎಲೆ ಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ ಹಾಕ್ತೀರಾ ಅಂತ ಯಾರೂ ಕೇಳಿರುವುದಿಲ್ಲ, ಇಲ್ಲಿನ ಎಲ್ಲರಿಗೂ ಅದು ಏನೆಂದು ಗೊತ್ತಿರುವುದೂ ಇಲ್ಲ. ನೀವೇ ಕೇಳಿ, ನೀವೇ ಹೇಳಿ. ಅಡಿಕೆ ಒಂದೇ ಆದರೂ, ಹೊಗೆಸೊಪ್ಪು ಸೇರದಿದ್ದರೂ, ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಇಪ್ಪತ್ತು ವರ್ಷದ ಹಿಂದೆಯೇ ತೀರ್ಮಾನಿಸಿದೆ. ವಿಕಿರಣದ ನಂತರವೂ ತಂಬಾಕು ಬಿಡದಿದ್ದರೆ ಮೂಳೆಯ ಅಪಾಯ ಇನ್ನೂ ಹೆಚ್ಚು.

ಚಿಕಿತ್ಸೆ ಶುರುವಾದ ಮೇಲೆ ಬಾಯಿ ಒಣಗುತ್ತದೆ. ಕಿರಣ ಜೊಲ್ಲು ಸುರಿಸುವ ಗ್ರಂಥಿಗಳ ಮೇಲೂ ಬೀಳುವುದರಿಂದ ಹೀಗೆ. ಈಗಿನ ಐಎಂಆರ್‌ಟಿ ಅನ್ನುವ ವಿಧಾನದಲ್ಲಿ ಆ ಗ್ರಂಥಿಗಳನ್ನು ಆದಷ್ಟು ತಪ್ಪಿಸುತ್ತಾರೆ, ಮೊದಲಿನಷ್ಟು ಒಣಗುವುದಿಲ್ಲ, ಆದರೂ ಒಣಗುತ್ತದೆ. ಜೊಲ್ಲು ಅಂದರೆ ನಮಗೆ ತಮಾಷೆ. ಹಲ್ಲನ್ನು ದಿನವಿಡೀ ತೊಳೆದು ಕಾಯುವುದು ಅದೇ. ಅದು ಹೋದರೆ ಎಂದೂ ಹುಳುಕಾಗದ ಹಲ್ಲು ಕೂಡ ವಸಡಿನ ಅಂಚಿನಲ್ಲಿ ತಿಂಗಳುಗಳಲ್ಲೇ ಕರಗುತ್ತದೆ. ಹುಳುಕಾದರೆ ಕೀಳಬೇಕು, ಕಿತ್ತರೆ ಮೂಳೆ. ಸರಪಳಿ ಕಾಣಿಸಿತಲ್ಲ? ಮೂಳೆ ಕಾಪಾಡುವುದು ಅಂದರೆ ಹೆಚ್ಚಿನ ಪಾಲು ಹಲ್ಲು ಹುಳುಕಾಗದಂತೆ ನೋಡಿಕೊಳ್ಳುವುದು.

ಅದಕ್ಕೆ ಹಲ್ಲಿನ ಡಾಕ್ಟರು ಚೀಟಿ ಬರೆದು ಹೆಚ್ಚು ಫ್ಲೋರೈಡ್ ಇರುವ ಪೇಸ್ಟ್ ಕೊಡುತ್ತಾರೆ. ಅಂಗಡಿಯ ಪೇಸ್ಟಿನಲ್ಲಿ ಸಾಮಾನ್ಯವಾಗಿ 1450 ಪಿಪಿಎಂ ತನಕ ಇದ್ದರೆ ಇದರಲ್ಲಿ 5000. ಇಲ್ಲೊಂದು ನಮ್ಮ ಕಡೆಯದೇ ತೊಡಕಿದೆ. ಪಾವಗಡ, ಕೋಲಾರ, ಮುಂಡರಗಿ ಕಡೆಯ ಹಿರಿಯರಿಗೆ ಫ್ಲೋರೈಡ್ ಅಂದರೆ ವಿಷ. ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಕಂದು ಹಲ್ಲು, ಬಾಗಿದ ಬೆನ್ನು ಕಣ್ಣಾರೆ ನೋಡಿದವರು ಅವರು. “ಅದನ್ನೇ ಪೇಸ್ಟ್ ಮಾಡಿ ಕೊಡ್ತಾರಾ?” ಅಂತ ಟ್ಯೂಬು ಎತ್ತಿಟ್ಟುಬಿಡುತ್ತಾರೆ. ನಗಬೇಡಿ, ಅವರಿಗೆ ಗೊತ್ತಿರುವುದು ಸುಳ್ಳಲ್ಲ. ಊರಿನಲ್ಲಿ ಅದು ವರ್ಷಗಟ್ಟಲೆ ಕುಡಿದು ಮೈಗೆ ಸೇರಿದ್ದು, ಇದು ಹಲ್ಲಿನ ಮೇಲೆ ಹಚ್ಚಿ ಉಗುಳುವುದು ಅಂತ ಹೇಳಿ. ಉಗುಳಿದ ಮೇಲೆ ನೀರು ಹಾಕಿ ಬಾಯಿ ಮುಕ್ಕಳಿಸಬಾರದು ಅನ್ನುವುದನ್ನೂ ಸೇರಿಸಿ. ಮುಕ್ಕಳಿಸದೇ ಬಿಡಿ ಅಂದರೆ ನಮ್ಮವರಿಗೆ ಬಹಳ ಕಷ್ಟ, ಅದು ಬೇರೆ ಮಾತು.

ಒಣ ಬಾಯಿಗೆ ಕಲ್ಲುಸಕ್ಕರೆ ಚೀಪುವ ಅಭ್ಯಾಸ ಇದ್ದರೆ ನಿಲ್ಲಿಸಿ. ಹುಣಸೆ ಮಿಠಾಯಿ, ನಿಂಬೆ ಪೆಪ್ಪರ್‌ಮಿಂಟೂ ಬೇಡ. ಜೊಲ್ಲಿಲ್ಲದ ಬಾಯಲ್ಲಿ ಸಕ್ಕರೆ, ಹುಳಿ ಎರಡೂ ಹಲ್ಲಿಗೆ ಬೆಂಕಿ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್, ಆಗಾಗ ಒಂದೊಂದು ಗುಟುಕು ನೀರು ಸರಿ. ಬಾಯಿ ಹುಣ್ಣಾದಾಗ ಮೆತ್ತನೆಯ ಬ್ರಷ್, ಉಗುರುಬೆಚ್ಚನೆಯ ನೀರಿಗೆ ಉಪ್ಪು ಅಡುಗೆಸೋಡ ಹಾಕಿ ಮುಕ್ಕಳಿಸುವುದು, ಖಾರವಿಲ್ಲದ ರಾಗಿ ಗಂಜಿ, ಚೆನ್ನಾಗಿ ಕಲಸಿದ ಮೊಸರನ್ನ. ಆಲ್ಕೊಹಾಲ್ ಇರುವ ಮೌತ್‌ವಾಶ್ ಬೇಡವೇ ಬೇಡ. ಬಾಯಿ ತೆರೆಯುವ ವ್ಯಾಯಾಮವನ್ನೂ ಹೇಳಿಕೊಟ್ಟಿರುತ್ತಾರೆ, ಬಿಡದೆ ಮಾಡಿಸಿ. ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಹಿಡಿಸುವಷ್ಟು ಬಾಯಿ ತೆರೆಯಬೇಕು. ಬಾಯಿ ಬಿಗಿದುಹೋದರೆ ಆಮೇಲೆ ಬ್ರಷ್ ಕೂಡ ಒಳಗೆ ಹೋಗುವುದಿಲ್ಲ, ಹಲ್ಲಿನ ಡಾಕ್ಟರ ಕೈಯಂತೂ ದೂರದ ಮಾತು.

ಚಿಕಿತ್ಸೆ ಮುಗಿಯುತ್ತದೆ. ಮನೆಯಲ್ಲಿ ಪಾಯಸ ಮಾಡುತ್ತೇವೆ. ನಮ್ಮಂಥ ಹೊರದೇಶದ ಮನೆಗಳ ನಿಜವಾದ ತೊಂದರೆ ಶುರುವಾಗುವುದು ಇದರ ನಂತರ.

ಐರ್ಲೆಂಡ್‌ನಲ್ಲಿ ಹಲ್ಲಿನ ಕೆಲಸ ದುಬಾರಿ. ಆದ್ದರಿಂದ ನಾವೆಲ್ಲ ಏನು ಮಾಡುತ್ತೇವೆ? ಊರಿಗೆ ಹೋದಾಗ ಮುಗಿಸಿಕೊಂಡು ಬರುತ್ತೇವೆ. ಮದುವೆ, ಗೃಹಪ್ರವೇಶ, ಚಿನ್ನದಂಗಡಿ, ನಡುವೆ ಒಂದು ಬೆಳಗ್ಗೆ ಹಲ್ಲಿನ ಡಾಕ್ಟರು. ಅಲ್ಲಿ ಒಳ್ಳೆಯ ಡಾಕ್ಟರುಗಳಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಿಗೆ ನಮ್ಮ ಚರಿತ್ರೆ ಗೊತ್ತಿರುವುದಿಲ್ಲ. ಇಲ್ಲಿನ ಫೈಲು ಇಲ್ಲೇ, ಅಲ್ಲಿನ ಫೈಲು ಅಲ್ಲೇ.

ನನಗೆ ಪರಿಚಯದ ಹಿರಿಯರೊಬ್ಬರಿಗೆ ಹೀಗೇ ಆಯಿತು. ಹೆಸರು, ಊರು ಬೇಡ. ಎಡಕೆನ್ನೆಯ ಕ್ಯಾನ್ಸರ್‌ಗೆ ಕರ್ನಾಟಕದಲ್ಲೇ ಆಪರೇಷನ್, ಕರೆಂಟ್ ಎಲ್ಲ ಆಗಿ ಎಂಟು ವರ್ಷ ಕಳೆದಿತ್ತು. ಮಗನ ಜೊತೆ ಇಲ್ಲಿದ್ದವರು ರಜಕ್ಕೆ ಊರಿಗೆ ಹೋದರು. ಎಡಗಡೆಯ ಕೆಳಗಿನ ದವಡೆ ಹಲ್ಲು ಅಲುಗಾಡುತ್ತಿತ್ತು, ಒಂದು ಕ್ಲಿನಿಕ್ಕಿನಲ್ಲಿ ಕೀಳಿಸಿಕೊಂಡರು. ಅಲ್ಲಿ ಶುಗರ್ ಇದೆಯಾ, ಬಿಪಿ ಇದೆಯಾ ಅಂತ ಕೇಳಿದರಂತೆ. ವಿಕಿರಣ ಆಗಿದೆಯಾ ಅಂತ ಯಾರೂ ಕೇಳಲಿಲ್ಲ. ಇವರೂ ಹೇಳಲಿಲ್ಲ. ಗುಳಿ ಮುಚ್ಚಲಿಲ್ಲ. ವಾಪಸು ಬಂದ ಮೇಲೆ ಕೀವು, ಆಂಟಿಬಯಾಟಿಕ್, ಮತ್ತೆ ಕೀವು. ಮೂಳೆ ಹೊರಗೆ ಕಂಡ ಮೇಲೆ ದೊಡ್ಡಾಸ್ಪತ್ರೆಗೆ ಹೋಗಿ, ಕೊನೆಗೆ ದವಡೆಯ ಒಂದು ತುಂಡು ತೆಗೆದು ಕಾಲಿನ ಮೂಳೆ ತಂದು ಜೋಡಿಸಬೇಕಾಯಿತು. ಮೊಣಕಾಲಿನ ಕೆಳಗೆ ಇರುವ ಎರಡು ಮೂಳೆಗಳಲ್ಲಿ ತೆಳುವಾದದ್ದನ್ನು ಅದರ ರಕ್ತನಾಳದ ಸಮೇತ ತಂದು ದವಡೆ ಕಟ್ಟುವ ಶಸ್ತ್ರಚಿಕಿತ್ಸೆ ಅದು. ಅದ್ಭುತವಾದ ಕೆಲಸವೇ. ಆದರೆ ಒಂದು ಹಲ್ಲಿಗಾಗಿ ಯಾರಿಗೂ ಅದು ಬರಬಾರದು.

ಅವರು ಯಾಕೆ ಹೇಳಲಿಲ್ಲ ಅನ್ನುವುದನ್ನು ನಾನು ಬಹಳ ಯೋಚಿಸಿದ್ದೇನೆ. ಅವರಿಗೆ ಆಗಿದ್ದು ಕ್ಯಾನ್ಸರ್ ಅಂತ ಮನೆಯವರು ಅವರಿಗೆ ಹೇಳಿಯೇ ಇರಲಿಲ್ಲ. “ಬಾಯಲ್ಲಿ ಹುಣ್ಣು, ಗಡ್ಡೆ, ಕರೆಂಟ್ ಕೊಟ್ಟು ಸುಟ್ಟಿದ್ದಾರೆ” ಅಷ್ಟೇ. ಪ್ರೀತಿಯಿಂದಲೇ ಮುಚ್ಚಿಟ್ಟದ್ದು. ನಮ್ಮಲ್ಲಿ ಇದು ಎಷ್ಟು ಸಾಮಾನ್ಯ ಅಂತ ನಿಮಗೂ ಗೊತ್ತು. ಡಾಕ್ಟರ ಕೋಣೆಯ ಬಾಗಿಲಲ್ಲಿ ಅಮ್ಮ ನಿಮ್ಮ ತೋಳು ಹಿಡಿದು “ಆ ಪದ ಮಾತ್ರ ಹೇಳಬೇಡ” ಅಂದಿರಬಹುದು. ಹತ್ತೊಂಬತ್ತು ವರ್ಷದವರ ಮೇಲೆ ಹೊರಿಸಬಾರದ ಭಾರ ಅದು, ನನ್ನ ಅಭಿಪ್ರಾಯ ಕೇಳಿದರೆ. ಆಸ್ಪತ್ರೆಯಲ್ಲಿ ದುಭಾಷಿ ಬೇಕು ಅಂತ ಕೇಳಬಹುದು, ಕೇಳಿ. ಕನ್ನಡ ಅಂತ ಸ್ಪಷ್ಟವಾಗಿ ಹೇಳಿ, ಇಲ್ಲದಿದ್ದರೆ ಹಿಂದಿಯವರು ಬರುತ್ತಾರೆ. ಆದರೆ ಮುಚ್ಚಿಡುವವರಿಗೆ ಒಂದು ವಿಷಯ ನೀವು ಹೇಳಬಹುದು. ತನಗೆ ಏನಾಗಿತ್ತು ಅಂತ ಗೊತ್ತಿಲ್ಲದ ಮನುಷ್ಯ ಮುಂದಿನ ಹಲ್ಲಿನ ಡಾಕ್ಟರಿಗೆ ಏನಂತ ಹೇಳಬೇಕು? ಕ್ಯಾನ್ಸರ್ ಅನ್ನುವ ಪದ ಬೇಡವೇ ಬೇಡ ಅಂದರೆ ಬಿಡಿ. “ಈ ದವಡೆಯ ಮೂಳೆಗೆ ಕರೆಂಟ್ ಕೊಟ್ಟಿದ್ದಾರೆ, ಕೇಳದೇ ಹಲ್ಲು ಕೀಳಿಸಬಾರದು” ಅನ್ನುವ ಒಂದು ವಾಕ್ಯವನ್ನಾದರೂ ಅವರಿಗೆ ಬಾಯಿಪಾಠ ಮಾಡಿಸಿ.

ಹಾಗಾದರೆ ವಿಕಿರಣದ ನಂತರ ಹಲ್ಲು ನೋವು ಬಂದರೆ ಏನು ಗತಿ? ಕೀಳುವುದು ಕೊನೆಯ ದಾರಿ. ಬೇರು ಸ್ವಚ್ಛ ಮಾಡುವ ರೂಟ್ ಕೆನಾಲ್ ಮೊದಲು. ಕೆಲವು ಸಲ ಹಲ್ಲಿನ ಮೇಲಿನ ಭಾಗ ಮಾತ್ರ ಕತ್ತರಿಸಿ, ಬೇರನ್ನು ಮೂಳೆಯಲ್ಲೇ ಬಿಡುತ್ತಾರೆ. ಕೀಳಲೇಬೇಕಾದರೆ ಕ್ಯಾನ್ಸರ್ ತಂಡಕ್ಕೆ ತಿಳಿಸಿ, ಇಂಥ ಕೆಲಸ ಗೊತ್ತಿರುವ ಆಸ್ಪತ್ರೆಯಲ್ಲಿ, ಒಂದೊಂದೇ, ಹಗುರ ಕೈಯಿಂದ. ಡಬ್ಲಿನ್ ಮತ್ತು ಕಾರ್ಕ್‌ನಲ್ಲಿ ವಿಶ್ವವಿದ್ಯಾಲಯದ ದಂತ ಆಸ್ಪತ್ರೆಗಳೇ ಇವೆ.

ಹೀಗೆ ಕೀಳುವ ಮುಂಚೆ ಒತ್ತಡದ ಕೋಣೆಯಲ್ಲಿ ಕೂರಿಸಿ ಶುದ್ಧ ಆಮ್ಲಜನಕ ಉಸಿರಾಡಿಸಿದರೆ ಮೂಳೆ ಉಳಿಯುತ್ತದೆ ಅಂತ ದಶಕಗಳ ಕಾಲ ನಂಬಿಕೆ ಇತ್ತು. ಯಾರಾದರೂ ನಿಮಗೆ ಇದನ್ನು ವಾಟ್ಸಾಪಿನಲ್ಲಿ ಕಳಿಸಬಹುದು, ದುಡ್ಡೂ ಬಹಳ ಕೇಳುತ್ತಾರೆ. ಬ್ರಿಟನ್ನಿನವರ ಮುಂದಾಳತ್ವದಲ್ಲಿ ಹೋಪಾನ್ ಅನ್ನುವ ಪರೀಕ್ಷೆ ನಡೆಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಮ್ಲಜನಕ ಕೊಟ್ಟವರಲ್ಲೂ ಕೊಡದವರಲ್ಲೂ ಮೂಳೆಯ ತೊಂದರೆ ಬಂದದ್ದು ನೂರಕ್ಕೆ ಸುಮಾರು 6 ಮಂದಿಗೆ. ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ರೀತಿಯಲ್ಲಿ ಇದು ಸಮಾಧಾನದ ಸುದ್ದಿ: ವಿಕಿರಣ ಆದ ದವಡೆಯಲ್ಲೂ, ಎಚ್ಚರದಿಂದ ಮಾಡಿದರೆ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನಕ್ಕೆ ಏನೂ ಆಗಲಿಲ್ಲ.

ಅಜ್ಜಿಗೆ ಮೂಳೆ ಸವೆತಕ್ಕೆಂದು ವಾರಕ್ಕೊಂದು ಮಾತ್ರೆಯೋ ಆರು ತಿಂಗಳಿಗೊಂದು ಇಂಜೆಕ್ಷನ್ನೋ ಇದ್ದರೆ ಅದನ್ನೂ ಹಲ್ಲಿನ ಡಾಕ್ಟರಿಗೆ ಹೇಳಿ. ಅಂಥ ಕೆಲವು ಔಷಧಿಗಳಿಂದಲೂ, ಅಪರೂಪಕ್ಕೆ, ದವಡೆಯ ಮೂಳೆಗೆ ಇದೇ ಥರದ ತೊಂದರೆ ಬರುತ್ತದೆ.

ಇನ್ನು ನಿಮ್ಮದೇ ವಿಷಯ ಒಂದು ಚೂರು. ಇಲ್ಲಿ ಕೆಲಸಕ್ಕೆ ಸೇರಿ ಪಿಆರ್‌ಎಸ್‌ಐ ಸಾಕಷ್ಟು ಕಟ್ಟಿದ್ದರೆ ವರ್ಷಕ್ಕೊಂದು ಹಲ್ಲಿನ ತಪಾಸಣೆ ಉಚಿತ. ಎಷ್ಟು ಜನ ಬಳಸಿದ್ದೀರಿ? ಪ್ರತಿ ಸೆಪ್ಟೆಂಬರ್‌ನಲ್ಲಿ ಬಾಯಿ ಕ್ಯಾನ್ಸರ್ ಜಾಗೃತಿ ದಿನವನ್ನೂ ಇಲ್ಲಿ ಆಚರಿಸುತ್ತಾರೆ. ಮೂರು ವಾರವಾದರೂ ಮಾಯದ ಹುಣ್ಣು, ಕೆಂಪು ಅಥವಾ ಬಿಳಿ ಮಚ್ಚೆ ಬಾಯಲ್ಲಿದ್ದರೆ, ಮನೆಯ ಯಾರದೇ ಆಗಲಿ, ತೋರಿಸಿ.

ಈಗ ಮೊದಲು ಹೇಳಿದ ಆ ಗ್ರೇ ಲೆಕ್ಕಕ್ಕೆ ಬರುತ್ತೇನೆ. ಮನೆಯಲ್ಲಿ ಯಾರಿಗಾದರೂ ತಲೆ, ಕತ್ತಿನ ಭಾಗಕ್ಕೆ ವಿಕಿರಣ ಆಗಿದ್ದರೆ ಅವರ ಡಿಸ್ಚಾರ್ಜ್ ಕಾಗದ ಹುಡುಕಿ. ಬೆಂಗಳೂರಿನದಾದರೂ ಡಬ್ಲಿನ್ನಿನದಾದರೂ ಅದು ಇಂಗ್ಲಿಷಿನಲ್ಲಿರುತ್ತದೆ, ಓದುವುದು ನಿಮಗೆ ಸುಲಭ. 60 ಗ್ರೇ, 30 ಫ್ರ್ಯಾಕ್ಷನ್ ಅಂತಿದ್ದರೆ ದಿನಕ್ಕೆ 2 ಗ್ರೇಯಂತೆ 30 ದಿನ ಅಂತ ಅರ್ಥ. ಹಳೆಯ ಕಾಗದ ಕಳೆದುಹೋಗಿದ್ದರೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಬರೆದು ಪ್ರತಿ ಕೇಳಿ. ಊರಿನಲ್ಲಿರುವ ಚಿಕ್ಕಪ್ಪನನ್ನೋ ಅತ್ತೆಯನ್ನೋ ಕಳಿಸಿದರೆ ಇನ್ನೂ ಬೇಗ ಆಗಬಹುದು. ಅದರಿಂದ ಒಂದು ಚಿಕ್ಕ ಚೀಟಿ ಮಾಡಿ: ಯಾವ ವರ್ಷ, ಯಾವ ಆಸ್ಪತ್ರೆ, ಎಷ್ಟು ಗ್ರೇ, ಬಾಯಿಯ ಯಾವ ಕಡೆ, ಎಡವೋ ಬಲವೋ, ಈಗ ನೋಡಿಕೊಳ್ಳುವ ಡಾಕ್ಟರ ಫೋನ್ ನಂಬರ್. ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಕನ್ನಡ. ಕನ್ನಡ ಕಡೆ ಬರೆಯಲು ಕಷ್ಟವಾದರೆ ನನಗೆ ಕಳಿಸಿ, ತಿದ್ದಿಕೊಡುತ್ತೇನೆ. ಫೋನಿನಲ್ಲಿ ಫೋಟೋ ಇರಲಿ, ಜೊತೆಗೆ ಕಾಗದದ ಪ್ರತಿಯೊಂದನ್ನು ತಾತನ ಪಾಸ್‌ಪೋರ್ಟಿನ ಕವರಿನೊಳಗೆ ಇಡಿ. ಊರಿಗೆ ಹೋಗುವಾಗ ಅವರು ಮರೆಯದೇ ಎತ್ತಿಕೊಳ್ಳುವುದು ಅದೊಂದನ್ನೇ.